ಬಟ್ಟೆ ಹಗ್ಗದ ಜೇಡರ ಬಲೆ

ಹಬ್ಬ ಹತ್ತಿರ ಬಂತೆಂದರೆ ಉದ್ದನೆಯ ಕೋಲಿನ ತುದಿಗೆ ಪೊರಕೆ ಕಟ್ಟಿ, ತಲೆಗೊಂದು ಹಳೇ ಟವೆಲು ಸುತ್ತಿಕೊಂಡು ಮನೆಯ ಮೂಲೆ ಮೂಲೆಯ ಜೇಡರ ಬಲೆ ಹೊಡೆಯುವುದು ನನ್ನ ಜನ್ಮಕ್ಕಂಟಿದ ಕೆಲಸ. ತವರಿನಲ್ಲಿ ಹೊಡೆದೆ, ಅತ್ತೆಯ ಮನೆಯಲ್ಲಿ ಹೊಡೆದೆ, ಗಂಡನ ಆಫೀಸಿನ ಕ್ವಾರ್ಟರ್ಸಿನಲ್ಲಿ ಹೊಡೆದೆ, ಅವರು ಹೋದ ಮೇಲೆ ಮೈಸೂರಿನಲ್ಲಿ ನಾನೊಬ್ಬಳೇ ಹಿಡಿದ ಬಾಡಿಗೆ ಮನೆಯಲ್ಲೂ ಹೊಡೆದೆ. ಅಂಥವಳು ಅರವತ್ತು ದಾಟಿದ ಮೇಲೆ ಅಮೆರಿಕದ ಆಶ್‌ಬರ್ನಿನಲ್ಲಿ, ಮಗಳ ಮನೆಯ ಹೆಬ್ಬಾಗಿಲಿಗೆ, ಕೈಯಾರೆ ಜೇಡರ ಬಲೆ ಕಟ್ಟಿದೆ. ಸಣ್ಣದೇನಲ್ಲ, ಆನೆ ಸಿಕ್ಕಿಕೊಳ್ಳುವಂಥದ್ದು. ಸಿಕ್ಕಿಕೊಂಡವಳು ಮಾತ್ರ ನಾನು.

ಹಗ್ಗ ತರಿಸಿದ್ದು ಅದಕ್ಕಲ್ಲ, ಬಟ್ಟೆ ಒಣಹಾಕಲು. ಆ ಮನೆಯಲ್ಲಿ ಬಟ್ಟೆಯನ್ನು ಮೆಷಿನ್ನಿಗೆ ಹಾಕಿ ಬಿಸಿಗಾಳಿಯಲ್ಲಿ ಉರುಳಿಸಿ ಒಣಗಿಸುತ್ತಾರೆ. ಹಸುಗೂಸಿನ ಬಟ್ಟೆ ಬಿಸಿಲು ಕಾಣಬೇಕು ಎಂದು ನಾನು ಹಟ ಹಿಡಿದೆ. ಅಳಿಯ ಒಳ್ಳೆಯವನು, ಮಾತು ಕಡಿಮೆ, ಒಂದು ಕೇಳಿದರೆ ಒಂಬತ್ತು ತರಿಸುವ ಪೈಕಿ. ಬೆಳ್ಳಗಿನ ದಪ್ಪ ನೈಲಾನ್ ಹಗ್ಗದ ಎರಡು ದೊಡ್ಡ ಸುರುಳಿ ಬಂದವು. ಮನೆಯ ಹಿಂದೆ ಮರದ ಹಲಗೆ ಹಾಸಿದ ಡೆಕ್ಕಿನ ಮೇಲೆ ಕಟ್ಟಿ, ಲಂಗೋಟಿ ಜುಬ್ಬಗಳನ್ನೆಲ್ಲ ಸಾಲಾಗಿ ಹಾಕಿ, ಬಿಸಿಲಿಗೆ ಕಾಲು ಚಾಚಿ ಕೂತರೆ ಎಷ್ಟೋ ದಿನಗಳ ಮೇಲೆ ಮೈಯಲ್ಲಿ ಜೀವ ಬಂದ ಹಾಗಾಯಿತು. ಅದೇ ವಾರ ಅಲ್ಲಿನ ಮನೆಗಳ ಅಸೋಸಿಯೇಷನ್ನಿನಿಂದ ನೋಟಿಸು ಬಂತು. ಬಟ್ಟೆ ಹೊರಗೆ ಹಾಕುವ ಹಾಗಿಲ್ಲವಂತೆ, ಬೀದಿಯ ಅಂದ ಕೆಡುತ್ತದಂತೆ. ಸೂರ್ಯದೇವರಿಗೂ ಪರ್ಮಿಷನ್ ತಗೋಬೇಕೇನೋ ಎಂದು ಬೈದುಕೊಂಡು ಹಗ್ಗ ಬಿಚ್ಚಿ ಗ್ಯಾರೇಜಿನಲ್ಲಿ ಬಿಸಾಕಿದೆ.

ನಾನು ಹೋಗಿದ್ದು ಮಗಳ ಎರಡನೆಯ ಬಾಣಂತನಕ್ಕೆ, ೨೦೨೦ರ ಫೆಬ್ರವರಿಯಲ್ಲಿ. ಐದಾರು ತಿಂಗಳು ಇದ್ದು ನವರಾತ್ರಿಗೆ ಮೊದಲೇ ವಾಪಸು ಎಂಬ ಲೆಕ್ಕ. ಮಾರ್ಚಿನಲ್ಲಿ ಗಂಡು ಮಗು ಹುಟ್ಟಿತು. ಹುಟ್ಟಿದ ವಾರವೇ ಕೊರೋನಾ ಎಂದು ಊರೆಲ್ಲ ಬಾಗಿಲು ಹಾಕಿಕೊಂಡಿತು, ವಿಮಾನಗಳು ನಿಂತವು. ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಮೂರಂತಸ್ತಿನ, ಅಕ್ಕಪಕ್ಕದ ಮನೆಗೆ ಅಂಟಿಕೊಂಡ ಟೌನ್‌ಹೌಸ್ ಅದು. ಮೇಲಿನ ಒಂದು ರೂಮಿನಲ್ಲಿ ಅಳಿಯನ ಮೀಟಿಂಗು, ಇನ್ನೊಂದರಲ್ಲಿ ಮಗಳ ಮೀಟಿಂಗು, ಊಟದ ಮೇಜಿನ ಮೇಲೆ ಆರು ವರ್ಷದ ಮೊಮ್ಮಗಳ ಶಾಲೆ. ನಾನು ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಪಿಸುಗುಟ್ಟಿ ಲಾಲಿ ಹಾಡಬೇಕು. "ಅತ್ತೆ, ಹನ್ನೊಂದು ಗಂಟೆ ತನಕ ಕುಕ್ಕರ್ ಕೂಗಿಸ್ಬೇಡಿ, ಕ್ಲೈಂಟ್ ಕಾಲ್ ಇದೆ," ಎಂದು ಅಳಿಯ ಕೈಮುಗಿದು ಕೇಳಿಕೊಳ್ಳುತ್ತಿದ್ದ. ಕೂಸು ಎದ್ದೀತು, ಮೀಟಿಂಗಿಗೆ ತೊಂದರೆಯಾದೀತು ಎಂದು ಹೊರಬಾಗಿಲಿನ ಬೆಲ್ಲನ್ನೂ ಬಂದ್ ಮಾಡಿಸಿದ್ದ. ಗಟ್ಟಿಯಾಗಿ ಮಾತಾಡಿ ಬೆಳೆದವಳು ನಾನು. ಆ ಬೇಸಗೆಯಲ್ಲಿ ನನ್ನ ಗಂಟಲೇ ನನಗೆ ಮರೆತುಹೋಗಿತ್ತು.

ಒಬ್ಬಳೇ ಹೊರಗೆ ಹೋಗುವಂತಿಲ್ಲ. ಕಾರು ಬಿಡಲು ಬರದು, ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಸಿಗದು. ವಾಕಿಂಗಿಗೂ ಮಗಳೋ ಅಳಿಯನೋ ಜೊತೆಗೆ. "ನಿಂಗೆ ಬಿಪಿ ಇದೆಯಮ್ಮ, ಏನಾದ್ರೂ ತಗುಲಿಕೊಂಡ್ರೆ ಇನ್ಶೂರೆನ್ಸೂ ಸರಿಯಾಗಿಲ್ಲ," ಎಂದು ಅವಳ ರಾಗ. ಅವಳು ಹೇಳುವುದು ಸುಳ್ಳಲ್ಲ. ಆದರೂ ಒಳಗೊಳಗೇ ಕುದಿಯುತ್ತಿದ್ದೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವ ಊರು. ಬೇಸಗೆಯಲ್ಲಿ ಆಕಾಶ ಬಿಕೋ ಎನ್ನುತ್ತಿತ್ತು. ಆಗಸ್ಟು ಸೆಪ್ಟೆಂಬರ್ ಬರುವಷ್ಟರಲ್ಲಿ ವಿಮಾನಗಳು ಮತ್ತೆ ನಮ್ಮ ತಲೆಯ ಮೇಲೇ ಇಳಿಯತೊಡಗಿದವು. ಅಡುಗೆಮನೆ ಕಿಟಕಿಯಿಂದ ನೋಡುತ್ತಾ ಒಂದು ದಿನ ಮಗಳನ್ನು ಕೇಳಿಯೇಬಿಟ್ಟೆ.

"ಏನೇ, ಇವೆಲ್ಲ ಎಲ್ಲಿಂದ ಬರ್ತಿವೆ? ನಮ್ಮ ಕಡೆಗೂ ಹೋಗ್ತಿರಬೇಕಲ್ಲ?"

"ಅದೆಲ್ಲ ಸ್ಪೆಷಲ್ ಫ್ಲೈಟ್ಸ್ ಅಮ್ಮ. ನೋಡೋಣ ಇರು," ಎಂದಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಈ "ನೋಡೋಣ ಇರು" ಎಂಬುದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ವೀಸಾದ ಅವಧಿ ಮುಗಿಯುತ್ತ ಬಂದಾಗ ಇನ್ನೂ ಇರಲು ಅರ್ಜಿ ಹಾಕಿದರು. ಹಾಕುವಾಗ ನನ್ನನ್ನು ಕೇಳಲೂ ಇಲ್ಲ. ಸಹಿ ಮಾಡು ಎಂದರು, ಮಾಡಿದೆ.

ನನಗೆ ಊರಿನ ಅವಸರ ಯಾಕೆಂದು ಮಗಳಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. ಅಲ್ಲಿ ಯಾರಿದ್ದಾರೆ ನಿಂಗೆ ಎನ್ನುತ್ತಿದ್ದಳು. ಯಾರೂ ಇಲ್ಲ, ಅದೇ ನನಗೆ ಬೇಕಾಗಿದ್ದದ್ದು. ಹುಟ್ಟಿದಾಗಿನಿಂದ ಅಪ್ಪನ ಮನೆ, ಅತ್ತೆಯ ಮನೆ, ಗಂಡನ ಮನೆ ಎಂದು ಬದುಕಿದವಳು. ಗಂಡ ತೀರಿಕೊಂಡ ಮೇಲೆ ತಮ್ಮ ಬಾ ಎಂದ, ಮಗಳು ಬಾ ಎಂದಳು. ಇಬ್ಬರಿಗೂ ಇಲ್ಲವೆಂದು ಒಂದು ಮಹಡಿ ಮನೆ ಹಿಡಿದೆ. ಎರಡು ರೂಮು, ಮುಂದೊಂದು ತಾರಸಿ, ಅದರಲ್ಲಿ ತುಳಸಿ, ದೊಡ್ಡಪತ್ರೆ, ನನ್ನದೇ ಬಟ್ಟೆ ತಂತಿ. ಬೇಕಾದಾಗ ಕಾಫಿ, ಬೇಡವಾದರೆ ಅಡುಗೆಯೇ ಇಲ್ಲ. ಬೀಗದ ಕೈ ಒಂದೇ, ಅದು ನನ್ನ ಸೊಂಟದಲ್ಲಿ. ಆಶ್‌ಬರ್ನಿಗೆ ಬಂದ ಮೇಲೂ ಅದನ್ನು ಪಿನ್ನಿನಲ್ಲಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ. ಮಗಳು ನಗುತ್ತಿದ್ದಳು.

ಆ ಮನೆಗೂ ಈಗ ಕುತ್ತು ಬಂದಿತ್ತು. ಓನರಮ್ಮ ಒಂದು ಬೆಳಿಗ್ಗೆ ಫೋನು ಮಾಡಿದರು. ಬೆಂಗಳೂರಿನಲ್ಲಿರುವ ಅವರ ಮಗ ಮನೆಯಿಂದಲೇ ಕೆಲಸ ಮಾಡುವುದರಿಂದ ಸಂಸಾರ ಸಮೇತ ಮೈಸೂರಿಗೆ ಬರುತ್ತಾನಂತೆ. "ನಿಮ್ಮನ್ನ ಬಿಡಿಸಕ್ಕೆ ನಂಗೆ ಮನಸ್ಸಿಲ್ಲ ಕಣ್ರೀ. ಆದ್ರೆ ಬೀಗ ಹಾಕಿರೋ ಮನೆ ಇಟ್ಕೊಂಡು ಅವನಿಗೆ ಏನು ಹೇಳಲಿ? ದೀಪಾವಳಿ ಹೊತ್ತಿಗೆ ನೀವು ಬಂದ್ರೆ ನಿಮ್ಮ ಮನೆ ನಿಮಗೆ. ಇಲ್ಲಾಂದ್ರೆ ನಿಮ್ಮ ತಮ್ಮಂಗೆ ಹೇಳಿ ಸಾಮಾನು ತೆಗೆಸಿಬಿಡಿ," ಎಂದರು. ನ್ಯಾಯವಾದ ಮಾತೇ. ನಾನು ಬರುತ್ತೇನೆಂದು ಹೇಳಿಬಿಟ್ಟೆ, ಯಾವ ಧೈರ್ಯದ ಮೇಲೋ.

ಮಗಳಿಗೂ ಹೇಳಿದೆ. "ಬಿಟ್ಬಿಡಮ್ಮ ಆ ಮನೇನ, ಸಾಮಾನು ಮಾಮನ ಮನೇಲಿಟ್ರಾಯ್ತು. ನೋಡೋಣ ಇರು," ಎಂದಳು. ನನ್ನ ಸಾಮಾನಿನಲ್ಲಿ ಒಂದು ಟ್ರಂಕಿತ್ತು. ಅದರಲ್ಲಿ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ, ರಾಣಿ. ಮದುವೆಯಾದಾಗಿನಿಂದ ಒಂದು ನವರಾತ್ರಿಯೂ ಅವನ್ನು ಕೂರಿಸದೆ ಬಿಟ್ಟಿರಲಿಲ್ಲ. ಆ ವರ್ಷ ನವರಾತ್ರಿ ಬಂತು, ಹೋಯಿತು. ಮಗಳು ಡೈನಿಂಗ್ ಟೇಬಲ್ ಮೇಲೆ ಮೊಮ್ಮಗಳ ಪ್ಲಾಸ್ಟಿಕ್ ಗೊಂಬೆಗಳನ್ನು ಜೋಡಿಸಿ, "ನೋಡು, ಗೊಂಬೆ ಹಬ್ಬ ಆಯ್ತಲ್ಲ," ಎಂದಳು. ಪಾಪ, ನನ್ನನ್ನು ಸಮಾಧಾನ ಮಾಡಲೆಂದೇ ಮಾಡಿದ್ದು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಿಜಯದಶಮಿ ಕಳೆದದ್ದೇ ತಡ, ಬೀದಿಯಲ್ಲಿ ಬೇರೆ ಹಬ್ಬ ಶುರುವಾಯಿತು, ಹ್ಯಾಲೊವೀನ್ ಎಂಬ ಭೂತದ ಹಬ್ಬ. ಮನೆ ಮನೆಯ ಮುಂದೆ ಕುಂಬಳಕಾಯಿ, ಅಸ್ಥಿಪಂಜರ, ಗೋರಿಕಲ್ಲು. ಸಾವು ಎಂಬುದು ಟೀವಿ ತುಂಬ ಇದ್ದ ವರ್ಷದಲ್ಲಿ ಇವರಿಗೆ ಇದೇನು ಹುಚ್ಚು ಎನಿಸಿತು ನನಗೆ. ಆ ಸಲ ಮಕ್ಕಳು ಮನೆ ಮನೆಗೆ ಹೋಗಿ ಬಾಗಿಲು ತಟ್ಟುವುದು ಬೇಡ, ಎಲ್ಲರೂ ಮನೆ ಮುಂದೆ ಅಲಂಕಾರ ಮಾಡೋಣ, ಮಕ್ಕಳು ದೂರದಿಂದ ನೋಡಿಕೊಂಡು ಹೋಗಲಿ, ಮಿಠಾಯಿ ಹೊರಗಿನ ಮೇಜಿನ ಮೇಲಿರಲಿ ಎಂದು ನಮ್ಮ ಬೀದಿಯವರು ನಿಶ್ಚಯಿಸಿದ್ದರು. ಮೊಮ್ಮಗಳಿಗೆ ಜೇಡರ ಬಲೆಯೇ ಬೇಕು. ಆನ್‌ಲೈನಿನಲ್ಲಿ ನೋಡಿದರೆ ದೊಡ್ಡವೆಲ್ಲ ಖಾಲಿ.

"ಎಲ್ಲಾರ್ದು ಇದೆ, ನಮ್ದು ಮಾತ್ರ ಇಲ್ಲ. ಇಟ್ಸ್ ಸೋ ಅನ್‌ಫೇರ್, ಅಜ್ಜಿ," ಎಂದು ಮುಖ ಊದಿಸಿಕೊಂಡು ಕೂತಳು. ಶಾಲೆಯಿಲ್ಲ, ಗೆಳತಿಯರಿಲ್ಲ, ಇಡೀ ದಿನ ಪರದೆಯ ಮುಂದೆ. ನನ್ನ ಹಾಗೇ ಕೂಡಿಹಾಕಿದ ಕರು ಅದು.

"ಅಳಬೇಡ ಪುಟ್ಟಿ. ಗ್ಯಾರೇಜಲ್ಲಿ ಹಗ್ಗ ಇದೆ. ಬಲೆ ತಾನೆ? ನಾನು ಕಟ್ಟಿಕೊಡ್ತೀನಿ."

"ನಿಂಗೆ ಬರತ್ತಾ?"

"ನಿಮ್ಮಜ್ಜಿಗೆ ಬರದೇ ಇರೋದು ಎರಡೇ. ಕಾರು ಬಿಡೋದು, ಸುಮ್ಮನಿರೋದು."

ಹಬ್ಬಕ್ಕೆ ಒಂದೆರಡು ದಿನ ಮುಂಚೆ, ಮಗಳು ಕೂಸನ್ನು ಚುಚ್ಚುಮದ್ದಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಳಿಯ ಮೇಲೆ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಮೀಟಿಂಗಿನಲ್ಲಿದ್ದ. ನಾವಿಬ್ಬರೂ ಹಗ್ಗದ ಸುರುಳಿ ಹೊತ್ತುಕೊಂಡು ಮುಂಬಾಗಿಲಿಗೆ ಬಂದೆವು. ಬಾಗಿಲ ಮುಂದೆ ಪುಟ್ಟ ಜಗಲಿ, ಎರಡು ಬಿಳೀ ಕಂಬ, ಅಕ್ಕಪಕ್ಕ ಸೊಂಟದೆತ್ತರದ ಕಟಕಟೆ, ಕಂಬಗಳ ನಡುವೆ ಕೆಳಗಿಳಿಯಲು ಮೆಟ್ಟಿಲು. ಮೆಟ್ಟಿಲ ಪಕ್ಕದಲ್ಲೊಂದು ಎಳೆಯ ಮರ.

ಮೊದಲು ಮೊಮ್ಮಗಳ ಸೀಮೆಸುಣ್ಣ ಇಸಿದುಕೊಂಡು ಕೆಳಗಿನ ಕಾಲುದಾರಿಯ ಮೇಲೆ ಬಲೆಯನ್ನು ರಂಗೋಲಿಯ ಹಾಗೆ ಬರೆದೆ. ನಡುವೆ ಒಂದು ಚುಕ್ಕಿ, ಸುತ್ತ ಎಂಟು ಎಳೆ, ಎಳೆಯಿಂದ ಎಳೆಗೆ ಜೋಲುವ ಬಳ್ಳಿ. ಒಂದು ಸುತ್ತು ಮುಗಿಯಿತೆಂದರೆ ಹೊರಟಲ್ಲಿಗೇ ಬಂದು ಸೇರಬೇಕು. ಅಮ್ಮ ನನಗೆ ಕೈ ಹಿಡಿದು ಕಲಿಸಿದ್ದು ಅದೇ. ಎಳೆ ಬಿಟ್ಟ ರಂಗೋಲಿ ಮನೆಗೆ ಒಳ್ಳೆಯದಲ್ಲ, ಎಲ್ಲೂ ಬಾಯಿ ಬಿಟ್ಟಿರಬಾರದು, ಕೂಡಿಸಿಯೇ ಏಳಬೇಕು.

ಕಂಬದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ, ಕೆಳಗೆ ಕಟಕಟೆಯ ಬುಡಕ್ಕೆ ಎಂಟು ಎಳೆಗಳನ್ನು ಬಿಗಿದು ನಡುವೆ ಸೇರಿಸಿದೆ. ಆಮೇಲೆ ನಾನು ಜಗಲಿಯ ಮೇಲೆ, ಅವಳು ಮೆಟ್ಟಿಲ ಕೆಳಗೆ. ನಾನು ಹಗ್ಗದ ತುದಿಯನ್ನು ಆಚೆ ತೂರಿಸಬೇಕು, ಅವಳು ಎಳೆಯನ್ನು ಸುತ್ತಿಸಿ ಈಚೆಗೆ ಕೊಡಬೇಕು, ನಾನು ಗಂಟು ಬಿಗಿಯಬೇಕು. ಗಂಟು ಯಾವುದೆಂದು ಯೋಚಿಸಲೇ ಇಲ್ಲ, ಕೈಗೆ ಬಂದದ್ದು ಹೂ ಕಟ್ಟುವ ಗಂಟು. ಮಲ್ಲಿಗೆಯ ತೊಟ್ಟಿಗೆ ಬಾಳೆ ನಾರಿನಿಂದ ಹಾಕುವ ಕುಣಿಕೆ ಇದೆಯಲ್ಲ, ಅದೇ. ಎಳೆದಷ್ಟೂ ಬಿಗಿಯುತ್ತದೆ.

"ಅಜ್ಜಿ, ಯು ಆರ್ ಸೋ ಫಾಸ್ಟ್," ಎಂದಳು ಅವಳು.

ನಿಜಕ್ಕೂ ಕೈ ಓಡುತ್ತಿತ್ತು. ತಿಂಗಳುಗಟ್ಟಲೆ ಆದ ಮೇಲೆ ಗಟ್ಟಿಯಾಗಿ ಮಾತಾಡುತ್ತಿದ್ದೆ, ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮೇಲೆ ವಿಮಾನವೊಂದು ಚಕ್ರ ಚಾಚಿಕೊಂಡು ಇಳಿಯಿತು. ಅದನ್ನೂ ನೋಡಲಿಲ್ಲ. ಎದುರು ಮನೆಯ ಅಮೆರಿಕನ್ ಹೆಂಗಸು ನಾಯಿ ಹಿಡಿದು ಹೋಗುತ್ತಾ ಹೆಬ್ಬೆಟ್ಟು ಎತ್ತಿ ತೋರಿಸಿದಳು. ನಾನೂ ಎತ್ತಿದೆ. ಒಳಸುತ್ತು ಮುಗಿಯಿತು, ಅದರಾಚೆಯದು ಮುಗಿಯಿತು, ಹೊರಸುತ್ತಿಗೆ ಬರುವಾಗ ಬೆನ್ನ ಹಿಂದೆ ಗಾಳಿಗೆ ಬಾಗಿಲು ದಢಕ್ಕನೆ ಹಾಕಿಕೊಂಡಿತು. ಕಟಕ್ ಎಂದು ತಾನೇ ಬೀಗ ಬಿದ್ದ ಸದ್ದೂ ಕೇಳಿಸಿತು. ಕೈಯಲ್ಲಿದ್ದ ಸುತ್ತು ಮುಗಿಸಿ ನೋಡೋಣ ಎಂದುಕೊಂಡೆ. ಕೊನೆಯ ಗಂಟನ್ನು ಮೊದಲ ಗಂಟಿಗೆ ಸೇರಿಸಿ, ಹಲ್ಲಿನಲ್ಲಿ ಕಚ್ಚಿ ಬಿಗಿದೆ. ಎಲ್ಲೂ ಎಳೆ ಬಿಟ್ಟಿರಲಿಲ್ಲ.

"ಡನ್!" ಎಂದು ಅವಳು ಕುಣಿದಳು. ಆಮೇಲೆ ಕತ್ತು ಓರೆ ಮಾಡಿ ನೋಡಿ, "ಅಜ್ಜಿ, ನೀನು ಹೆಂಗೆ ಹೊರಗೆ ಬರ್ತೀಯ?" ಎಂದಳು.

ನೋಡುತ್ತೇನೆ, ಮುಂದೆ ನೆಲದಿಂದ ಸೂರಿನವರೆಗೆ ಬಲೆ, ಹಿಂದೆ ಬೀಗ ಬಿದ್ದ ಬಾಗಿಲು. ಅಕ್ಕಪಕ್ಕ ಕಟಕಟೆ, ಅದರಾಚೆ ಮುಳ್ಳಿನ ಪೊದೆ. ಸೀರೆಯುಟ್ಟು, ನೋಯುವ ಮಂಡಿ ಇಟ್ಟುಕೊಂಡು ಹಾರುವ ವಯಸ್ಸೇ ನನ್ನದು? ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು. ಬಾಗಿಲು ಬಡಿದೆ. ಅಳಿಯನ ಹೆಡ್‌ಫೋನಿಗೆ ಅದು ಕೇಳಿಸುವುದುಂಟೆ. ಬೆಲ್ಲೊತ್ತಿದೆ, ಅದು ಸತ್ತು ತಿಂಗಳುಗಳಾಗಿದ್ದವು. ನನ್ನ ಫೋನು ಒಳಗೆ, ಒಲೆಯ ಪಕ್ಕದಲ್ಲಿ. ಹಿಂದಿನ ಗ್ಯಾರೇಜಿಗೂ ಬೀಗ. ಬಾಗಿಲ ಮೇಲೆ ಅಂಕಿಗಳ ಗುಂಡಿಗಳಿದ್ದ ಬೀಗ, ಅದರ ನಂಬರು ಮೊಮ್ಮಗಳಿಗೂ ಗೊತ್ತಿಲ್ಲ. ಅವಳಿಗೆ ಹೇಳಿದರೆ ಬೀದಿಗೆಲ್ಲ ಸಾರಿಯಾಳೆಂದು ಹೇಳಿರಲಿಲ್ಲ. ನನಗೆ ಯಾಕೆ ಹೇಳಿರಲಿಲ್ಲ ಎಂದು ಅಲ್ಲಿ ನಿಂತೇ ಮೊದಲ ಸಲ ಯೋಚಿಸಿದೆ.

ಗಂಟು ಬಿಚ್ಚಲು ಕೂತೆ. ಬರಲಿಲ್ಲ, ಅಷ್ಟು ಬಿಗಿದಿದ್ದೆ. ಸೊಂಟದಲ್ಲಿದ್ದ ಬೀಗದ ಕೈಯ ತುದಿಯಿಂದ ಮೀಟಿ ನೋಡಿದೆ. ಮೈಸೂರಿನ ಬಾಗಿಲು ತೆಗೆಯುವ ಕೈ, ಇಲ್ಲಿ ಒಂದು ನೈಲಾನ್ ಗಂಟಿಗೂ ಉಪಯೋಗಕ್ಕೆ ಬರಲಿಲ್ಲ. ಮೊಮ್ಮಗಳ ಎದುರು ಅಳಬಾರದೆಂದು ತುಟಿ ಕಚ್ಚಿಕೊಂಡು ಜಗಲಿಯ ಮೇಲೆ ಕೂತೆ.

ಆಗ ಮಗಳ ಕಾರು ಬೀದಿಯಲ್ಲಿ ನಿಂತಿತು. ದಿನಾ ಹಿಂದಿನ ಗ್ಯಾರೇಜಿಗೆ ಹೋಗುವವಳು, ಬಲೆ ಕಂಡು ಮುಂದೆಯೇ ಇಳಿದಳು. ಚುಚ್ಚಿಸಿಕೊಂಡ ಕೂಸು ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆಯಮ್ಮ. ಒಳಗ್ಯಾಕೆ ಕೂತಿದೀಯ? ಈ ಕಡೆ ಬಂದು ನೋಡು."

"ಹ್ಯಾಗೆ ಬರಲಿ? ಬಾಗಿಲು ಹಾಕ್ಕೊಂಡಿದೆ."

"ಕೋಡ್ ಒತ್ತಮ್ಮ."

"ಯಾವ ಕೋಡು?"

ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ನಿಂಗೆ ಹೇಳಿಲ್ವಾ ನಾನು?"

"ಬಂದು ಎಂಟು ತಿಂಗಳಾಯ್ತು. ಯಾರೂ ಹೇಳಿಲ್ಲ."

"ನೀನು ಒಬ್ಳೇ ಎಲ್ಲೂ ಹೋಗಲ್ವಲ್ಲ, ಅದಕ್ಕೇ…"

"ಹೋಗಲ್ಲ ಅಲ್ಲ ಕಣೇ. ಬಿಡಲ್ಲ ನೀನು," ಎಂದೆ. ಅಷ್ಟು ದಿನ ಪಿಸುಗುಟ್ಟಿದ್ದ ಗಂಟಲು ಬಾಯಿ ಬಿಟ್ಟಿತು. "ನನ್ನನ್ನ ಊರಿಗೆ ಕಳಿಸೇ. ನೋಡೋಣ ಇರು, ನೋಡೋಣ ಇರು ಅಂತ ನನ್ನ ಹಬ್ಬ ಹೋಯ್ತು. ಇನ್ನು ಮನೇನೂ ಹೋಗತ್ತೆ. ಅಲ್ಲಿ ನನಗೆ ಯಾರೂ ಇಲ್ಲ ಅಂತೀಯಲ್ಲ, ನಾನಿದೀನಿ ಅಲ್ಲಿ. ಈ ಮನೇಲಿ ನಾನು ಬಾಣಂತನದ ಮುದುಕಿ. ಅಲ್ಲಿ ನಾನು ಮನುಷ್ಯಳು."

ಬೀದಿಗೆಲ್ಲ ಕೇಳಿಸಿರಬೇಕು. ಕನ್ನಡವಾದ್ದರಿಂದ ಬಚಾವು. ಮೊಮ್ಮಗಳು ಮರದ ಹಿಂದೆ ಸರಿದು ನಿಂತಳು. ಮಗಳು ಬಲೆಯ ಹತ್ತಿರ ಬಂದು, ಒಂದು ಕೈಯಲ್ಲಿ ಕೂಸನ್ನು ಹೊತ್ತು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಂಡಳು. ಅವಳ ಮುಖ ನನಗೆ ಹಗ್ಗದ ಚೌಕಟ್ಟಿನೊಳಗೆ ಕಾಣುತ್ತಿತ್ತು. ಎಷ್ಟು ಸೊರಗಿದ್ದಳೆಂದು ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲ.

"ಫ್ಲೈಟ್ ಇದೆಯಮ್ಮ," ಎಂದಳು. "ಆಗಸ್ಟಿಂದಾನೇ ಇದೆ. ಡೆಲ್ಲಿಗೆ ಹೋಗಿ ಬೆಂಗಳೂರಿಗೆ. ಗೊತ್ತಿತ್ತು ನಂಗೆ. ಬುಕ್ ಮಾಡಕ್ಕೆ ಕೂತ್ಕೊಂಡು ಕ್ಲೋಸ್ ಮಾಡ್ಬಿಡ್ತಿದ್ದೆ."

"ಯಾಕೆ?"

"ನೀನು ಹೋಗ್ಬಿಟ್ರೆ ನಾನು ಬರಕ್ಕಾಗಲ್ಲ. ನನ್ನ ವೀಸಾ ಸ್ಟಾಂಪಿಂಗ್ ಮುಗಿದು ಎಷ್ಟು ದಿನ ಆಯ್ತು. ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಹಾಕಿಸಕ್ಕೆ ಊರಿಗೇ ಬರಬೇಕು. ಬಂದ್ರೆ ಅಲ್ಲಿ ವೀಸಾ ಆಫೀಸು ಮುಚ್ಚಿದೆ, ಮುದ್ರೆ ಇಲ್ದೆ ವಾಪಸ್ ಈ ದೇಶದೊಳಗೆ ಬಿಡಲ್ಲ. ಕೆಲಸ ಇಲ್ಲಿ, ಮನೆ ಇಲ್ಲಿ, ಮಕ್ಕಳು ಇಲ್ಲಿ. ನಿಂಗೆ ನಾಳೆ ಏನಾದ್ರೂ ಆದ್ರೆ ನಾನು ಫೋನಲ್ಲಿ ನೋಡಬೇಕು ಅಷ್ಟೇ. ಅಪ್ಪನ್ನ ನೋಡಿದ ಹಾಗೆ. ಅದಕ್ಕೇ ನಿನ್ನನ್ನ ಇಲ್ಲೇ ಇಟ್ಕೊಂಡುಬಿಟ್ರೆ ಅಂತ… ನಂಗೂ ಎಲ್ಲೂ ಹೋಗಕ್ಕಾಗಲ್ಲಮ್ಮ. ನೀನಾದ್ರೂ ಇರು ಅನ್ನಿಸ್ತು."

ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವರಪ್ಪ ಹೋದಾಗ ಇವಳಿಗೆ ಬರಲಾಗಿರಲಿಲ್ಲ. ಚಿತೆಯನ್ನು ತಮ್ಮನ ಮಗ ಫೋನಿನಲ್ಲಿ ಹಿಡಿದು ತೋರಿಸಿದ್ದ. ಬಲೆಯ ಕಣ್ಣಿನಲ್ಲಿ ಕೈ ತೂರಿಸಿ ಅವಳ ಕೆನ್ನೆ ಒರೆಸಿದೆ. ಮೊಣಕೈಯವರೆಗೆ ಹೋಯಿತು, ಆಮೇಲೆ ಹಗ್ಗ ತಡೆಯಿತು.

"ಹೋಗ್ತೀನಿ ಕಣೇ," ಎಂದೆ. "ಅಂಜಿಕೆ ನನಗೂ ಇದೆ. ಆದ್ರೂ ಹೋಗ್ತೀನಿ."

ಅವಳು ತಲೆಯಾಡಿಸಿದಳು. ಆಮೇಲೆ ಮೂಗೊರೆಸಿಕೊಂಡು, "ಕೋಡ್ ಒತ್ತು. ನಮ್ಮ ಹಳೇ ಕ್ವಾರ್ಟರ್ಸ್ ನಂಬರ್," ಎಂದಳು.

ದಸರಾ ಮೆರವಣಿಗೆಯ ಜನಜಂಗುಳಿಯಲ್ಲಿ ಕೈತಪ್ಪಿದರೆ ಪೊಲೀಸಿನವರಿಗೆ ಹೇಳು, ಮನೆಗೆ ತಂದು ಬಿಡುತ್ತಾರೆ ಎಂದು, ಅವಳು ಈ ಮೊಮ್ಮಗಳಷ್ಟಿದ್ದಾಗ ನಾನೇ ಬಾಯಿಪಾಠ ಮಾಡಿಸಿದ್ದ ನಂಬರು ಅದು. ಒಂದೊಂದೇ ಗುಂಡಿ ಒತ್ತಿದೆ. ಬಾಗಿಲು ತೆರೆದುಕೊಂಡಿತು.

ಆ ಸಂಜೆ ಅವಳೇ ಟಿಕೆಟ್ ಬುಕ್ ಮಾಡಿದಳು. ಅಳಿಯ ವಿಷಯ ತಿಳಿದು ನನ್ನ ಕಾಲಿಗೆ ನಮಸ್ಕಾರ ಮಾಡಿ, ಬೆಲ್ಲಿನ ತಂತಿ ಮತ್ತೆ ಸೇರಿಸಿದ. ಓನರಮ್ಮನಿಗೆ ಫೋನು ಮಾಡಿ, ಬರುತ್ತೇನೆ ಕಣ್ರೀ, ಮಗನಿಗೆ ಬೇರೆ ಮನೆ ನೋಡಿ ಎಂದೆ.

ಹಬ್ಬದ ದಿನ ಚಳಿ ಇದ್ದರೂ ಒಳ್ಳೆಯ ಬಿಸಿಲು. ಊರಿಗೆ ಒಯ್ಯಲು ನನ್ನ ಬಿಳೀ ಸೀರೆ ಒಗೆದಿದ್ದೆ. ಮೆಷಿನ್ನಿಗೆ ಹಾಕಲು ಮನಸ್ಸು ಬರಲಿಲ್ಲ. ಸೀದಾ ಮುಂದಕ್ಕೆ ಒಯ್ದು ಬಲೆಯ ಮೇಲೆ ಹರವಿದೆ. "ಅಮ್ಮ, ಅಸೋಸಿಯೇಷನ್ನು!" ಎಂದು ಮಗಳು ಒಳಗಿನಿಂದ ಕೂಗಿದಳು. ಕೂಗಲಿ. ಸಂಜೆ ವೇಷ ಹಾಕಿಕೊಂಡು ಬೀದಿಯಲ್ಲಿ ಸಾಗಿದ ಮಕ್ಕಳು ಗಾಳಿಗೆ ಆಡುವ ಆ ಸೀರೆಯನ್ನು ಕಂಡು ಗೋಸ್ಟ್ ಗೋಸ್ಟ್ ಎಂದು ಕಿರುಚಿ ಓಡಿದವು. ಎದುರು ಮನೆಯಾಕೆ ಫೋಟೋ ತೆಗೆದುಕೊಂಡಳು. ಬೀದಿಗೆಲ್ಲ ನಮ್ಮ ಭೂತವೇ ಚೆನ್ನಾಗಿದೆಯೆಂದಳಂತೆ. ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೀರೆ ಕತ್ತಲಾಗುವಷ್ಟರಲ್ಲಿ ಗರಿಗರಿಯಾಗಿ ಒಣಗಿತ್ತು.

ದೀಪಾವಳಿಗೆ ಮುಂಚೆ ಮೈಸೂರು ಸೇರಿದೆ. ನನ್ನ ಕೈಯಿಂದಲೇ ಬೀಗ ತೆಗೆದೆ. ಯಾರೂ ಬರುವ ಹಾಗಿಲ್ಲ, ನಾನು ಹೋಗುವ ಹಾಗಿಲ್ಲ, ಹೊರದೇಶದಿಂದ ಬಂದವರು ಹದಿನಾಲ್ಕು ದಿನ ಮನೆಯಲ್ಲೇ ಇರಿ ಎಂದು ಸರ್ಕಾರದವರು ಹೇಳಿದ್ದರು. ನನ್ನ ಮನೆಯಲ್ಲಿ ನಾನಿರಲು ಯಾರು ಹೇಳಬೇಕು. ಮೂಲೆ ಮೂಲೆಯಲ್ಲಿ ಜೇಡರ ಬಲೆ ಕಟ್ಟಿತ್ತು. ಹೊಡೆದೆ. ಟ್ರಂಕು ತೆರೆದು ರಾಜ, ರಾಣಿಯರ ಧೂಳೊರೆಸಿ ಹೊಸ ಬಟ್ಟೆ ಸುತ್ತಿದೆ. ತಾರಸಿಯಲ್ಲಿ ಕಾಫಿ ಲೋಟ ಹಿಡಿದು ಕೂತರೆ ಸಂತೋಷವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಕೂಸಿನ ಮೈಯ ವಾಸನೆ ಕೈಯಿಂದ ಹೋಗಿರಲಿಲ್ಲ.

ಕೆಲವು ದಿನಗಳ ಮೇಲೆ ಸಂಜೆ ಮಗಳ ವಿಡಿಯೋ ಕಾಲು ಬಂತು. ಅವಳಿಗೆ ಬೆಳಿಗ್ಗೆ.

"ಅಸೋಸಿಯೇಷನ್‌ನೋರು ನೋಟಿಸ್ ಕಳಿಸಿದಾರಮ್ಮ. ಹ್ಯಾಲೊವೀನ್ ಮುಗೀತು, ಬಲೆ ತೆಗೀರಿ ಅಂತ. ನಿನ್ನ ಗಂಟು ಬಿಚ್ಚಕ್ಕೇ ಆಗ್ತಿಲ್ಲ."

"ಕತ್ತರಿ ತಗೊಂಡು ಕತ್ತರಿಸೇ. ಅದಕ್ಕೇನು."

"ಕತ್ತರಿಸಲ್ಲ," ಎಂದಳು. "ನೀನೇ ಬಂದು ಬಿಚ್ಚು."

ತಾರಸಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ಆಮೇಲೆ, "ಫೋನು ಹತ್ತಿರ ಹಿಡಿ. ಯಾವ ಗಂಟು ತೋರಿಸು," ಎಂದೆ.

ಫೋನನ್ನು ಕಟಕಟೆಯ ಮೇಲೆ ಆನಿಸಿ ನಿಲ್ಲಿಸಿದಳು. ಆಗ ಪೂರ್ತಿ ಕಾಣಿಸಿತು. ಅವಳು ನಿಂತಿದ್ದದ್ದು ಜಗಲಿಯ ಮೇಲೆ, ಬಲೆಯ ಒಳಗಡೆ. ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಅವಳ ತಲೆಯ ಮೇಲೆಲ್ಲೋ ವಿಮಾನ ಇಳಿಯುವ ಸದ್ದು ಫೋನಿನೊಳಗಿಂದ ನನ್ನ ತಾರಸಿಯವರೆಗೂ ಕೇಳಿಸಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಎಳೀಬೇಡ ಕಣೇ," ಎಂದೆ. "ಎಳೆದ್ರೆ ಇನ್ನೂ ಬಿಗಿಯತ್ತೆ. ಒಳಕ್ಕೆ ತಳ್ಳು. ಮೆಲ್ಲಗೆ."

ತಳ್ಳಿದಳು. ಗಂಟು ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ತಾರಸಿಯಲ್ಲಿ ನಿಂತು, ತಳ್ಳು ಮಗಳೇ, ಮೆಲ್ಲಗೆ ತಳ್ಳು ಎನ್ನುತ್ತಲೇ ಇದ್ದೆ.